ದುರ್ಗಬಲವೂ ಜನಬಲವೂ

ದುರ್ಗದ ಬಲವೆಂತಹುದೆಂಬುದನ್ನು ನಿಡುಗಲ್ಲಿನ ಸೀಮೆಯವರಿಗೆ ಹೇಳಿಕೊಡಬೇಕಾದುದಿಲ್ಲ. ಆದರೆ ದುರ್ಗವೊಂದೇ ಸಾಮ್ರಾಜ್ಯವನ್ನು ತಡೆಯಲಾರದೆಂಬುದಕ್ಕೆ ಕಿತ್ತೂರೇ ಸಾಕ್ಷಿ. 1824ನೆಯ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆಯು ಕೋಟೆಯ ಮುಂದೆ ಮಡಿದನು. ರಾಣಿ ಚೆನ್ನಮ್ಮಾಜಿಯು ಕುಂಪಣಿಯವರ ಮಾತನ್ನು ನಂಬಿ ಸೆರೆಸಿಕ್ಕ ಆಂಗ್ಲ ಅಧಿಕಾರಿಗಳನ್ನು ಬಿಟ್ಟುಕೊಟ್ಟಳು. ಧರ್ಮವಂತರ ಕೈಯಲ್ಲಿ ಇಂತಹ ತಪ್ಪೇ ಆಗುವುದು! ಡಿಸೆಂಬರಿನಲ್ಲಿ ದೊಡ್ಡ ದಂಡು ಬಂದು ಕೋಟೆಯನ್ನು ಹಿಡಿಯಿತು.

ಸಂಗೊಳ್ಳಿ ರಾಯಣ್ಣನು ಕೋಟೆಯನ್ನು ನೆಚ್ಚದೆ ಕಾಡನ್ನೂ ರೈತರನ್ನೂ ನೆಚ್ಚಿದನು. ತನ್ನ ನಾಡಿನವರೇ ಹಿಡಿದುಕೊಡಲು, 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದನು. 1830ರಲ್ಲೇ ನಗರದ ರೈತರು ಕಂದಾಯದ ಕಾಟಕ್ಕೆ ಎದ್ದರಾದರೂ ಅಷ್ಟರೊಳಗೆ ರಾಯಣ್ಣನು ಸೆರೆಯಾಗಿದ್ದನು. ಎರಡು ಕಿಚ್ಚುಗಳೂ ಒಂದಾಗಲಿಲ್ಲ.

ಒಂದಾಗಲು ನೂರು ವರ್ಷಗಳು ಬೇಕಾದುವು. 1938ರಲ್ಲಿ ಮಧುಗಿರಿಯ ನೆರೆಯ ವಿದುರಾಶ್ವತ್ಥದಲ್ಲಿ ಧ್ವಜವನ್ನೆತ್ತಿದ ನಿರಾಯುಧರ ಮೇಲೆ ಗುಂಡು ಹಾರಿತು. ಅಂದಿನಿಂದ ಸಂಸ್ಥಾನದ ಹಳ್ಳಿಗಳೂ ದೇಶದ ಹೋರಾಟದೊಡನೆ ನಡೆದುವು. 1947ನೆಯ ಆಗಸ್ಟ್ 15ರಂದು ಆಂಗ್ಲರ ಆಳಿಕೆ ಮುಗಿಯಿತು.