ಬಾಗಿದ ಬೆನ್ನು, ನೀವುವ ಕೈ

ಬೆನ್ನುಮೂಳೆ ಎಡಕ್ಕೋ ಬಲಕ್ಕೋ ಬಾಗಿ, ಜೊತೆಗೆ ತಿರುಚಿಕೊಳ್ಳುವ ಸ್ಥಿತಿಯನ್ನು ವೈದ್ಯರು ಸ್ಕೋಲಿಯೋಸಿಸ್ ಎನ್ನುತ್ತಾರೆ. ವಕ್ರ ಎಂಬ ಅರ್ಥದ ಗ್ರೀಕ್ ಮೂಲದಿಂದ ಬಂದ ಹೆಸರಿದು. ಬಹುಪಾಲು ಸಂದರ್ಭಗಳಲ್ಲಿ ಇದಕ್ಕೆ ನಿಶ್ಚಿತ ಕಾರಣ ಸಿಗುವುದಿಲ್ಲ. ಮಕ್ಕಳು ಸರಸರನೆ ಎತ್ತರವಾಗುವ ಹತ್ತು, ಹನ್ನೆರಡರ ಪ್ರಾಯದಲ್ಲಿ ಅದು ತಲೆದೋರುತ್ತದೆ. ಬಾಗು ಉಲ್ಬಣಿಸುವುದು ಹೆಚ್ಚಾಗಿ ಹೆಣ್ಣುಮಕ್ಕಳಲ್ಲಿ. ನಿಗಡಿಯಲ್ಲಾಗಲಿ ಧಾರವಾಡದಲ್ಲಾಗಲಿ, ನಮ್ಮ ಮನೆಗಳಲ್ಲಿ ಇದು ಮೊದಲು ತಾಯಿಯ ಕೈಗೇ ಗೊತ್ತಾಗಬಹುದು. ಹಬ್ಬದ ಎಣ್ಣೆಸ್ನಾನದ ದಿನ ಮಗಳ ಬೆನ್ನಿಗೆ ಎಣ್ಣೆ ಹಚ್ಚುವಾಗ ಒಂದು ಹೆಗಲು ಮೇಲೆ, ಇನ್ನೊಂದು ಕೆಳಗೆ ಇರುವುದು ಕಾಣುತ್ತದೆ. ಆಗ ಏಳುವ ಪ್ರಶ್ನೆ ಸಹಜವಾದುದು: ಇದೇ ಎಣ್ಣೆ, ಇದೇ ಕೈ ಈ ಬಾಗನ್ನು ನೆಟ್ಟಗೆ ಮಾಡಬಲ್ಲುದೇ? ಈ ಪ್ರಶ್ನೆಗೆ ಎರಡು ಸಾವಿರ ವರ್ಷಗಳಿಗೂ ಮಿಕ್ಕಿದ ಚರಿತ್ರೆಯಿದೆ.

ಹಿಪೊಕ್ರೆಟಿಸನ ಹೆಸರಿನಲ್ಲಿ ಉಳಿದುಬಂದಿರುವ, ಕೀಲುಗಳನ್ನು ಕುರಿತ ಗ್ರಂಥದಲ್ಲಿ ಒಂದು ವಿಚಿತ್ರ ಚಿಕಿತ್ಸೆಯ ವರ್ಣನೆಯಿದೆ. ಬೆನ್ನು ಬಾಗಿದವನನ್ನು ಏಣಿಗೆ ಕಟ್ಟಿ, ಏಣಿಯನ್ನು ಎತ್ತರದಿಂದ ಕೆಳಗೆ ಕುಕ್ಕುವುದು! ಜನರನ್ನು ಬೆರಗುಗೊಳಿಸುವ ಚಪಲವುಳ್ಳವರೇ ಇದನ್ನು ಹೆಚ್ಚಾಗಿ ಮಾಡುತ್ತಾರೆಂದು ಗ್ರಂಥಕರ್ತ ಹಳಿಯುತ್ತಾನೆ. ಅದೇ ಗ್ರಂಥದ ಇನ್ನೊಂದೆಡೆ, ವೈದ್ಯನು ಅರಿತಿರಬೇಕಾದ ವಿದ್ಯೆಗಳಲ್ಲಿ ಅಂಗವನ್ನು ತಿಕ್ಕುವುದನ್ನೂ ಸೇರಿಸುತ್ತಾನೆ. ಬಲಪ್ರಯೋಗದ ಆಡಂಬರ ಒಂದು ಕಡೆ, ಕೈಯ ಮಿತವಾದ ಉಪಕಾರ ಇನ್ನೊಂದು ಕಡೆ. ಮುಂದಿನ ಶತಮಾನಗಳ ಕಥೆಯೂ ಈ ಎರಡರ ನಡುವೆಯೇ ಸಾಗುತ್ತದೆ.

ನಮ್ಮಲ್ಲಿ ಅಭ್ಯಂಗಕ್ಕೆ ದೊಡ್ಡ ಪರಂಪರೆಯಿದೆ. ವಾಗ್ಭಟನ ಅಷ್ಟಾಂಗಹೃದಯವು ಅದನ್ನು ದಿನಚರಿಯಲ್ಲೇ ವಿಧಿಸಿ, ಮುಪ್ಪು, ದಣಿವು, ವಾತಗಳನ್ನು ತಗ್ಗಿಸುವ ಗುಣವನ್ನು ಅದಕ್ಕೆ ಹೇಳುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ಮಾನಸೋಲ್ಲಾಸದಲ್ಲಿ ಸ್ನಾನವು ಅರಸನ ಭೋಗಗಳಲ್ಲಿ ಒಂದು. ಅರಮನೆಯಿಂದ ಗರಡಿಮನೆಯವರೆಗೆ, ಬಾಣಂತಿಯ ಕೋಣೆಯಿಂದ ಕೂಸಿನ ತೊಟ್ಟಿಲವರೆಗೆ ಎಣ್ಣೆಯ ಕೈಗೆ ಮನ್ನಣೆಯಿತ್ತು. ಆದರೆ ವಾಗ್ಭಟನ ದಿನಚರಿ ಅಭ್ಯಂಗದಿಂದ ಬಯಸಿದ್ದು ದೇಹದ ಹಗುರ ಮತ್ತು ಹಿತ. ವಕ್ರವಾದ ಮೂಳೆಯನ್ನು ನೇರಗೊಳಿಸುವುದು ಅಲ್ಲಿನ ಮಾತಲ್ಲ.

ಯುರೋಪಿನಲ್ಲಿ ನೇರಗೊಳಿಸುವ ಹಟ ಕಬ್ಬಿಣದ ರೂಪ ತಳೆಯಿತು. ಹದಿನಾರನೆಯ ಶತಮಾನದ ಫ್ರೆಂಚ್ ಶಸ್ತ್ರವೈದ್ಯ ಆಂಬ್ರೋಯಿಸ್ ಪಾರೆ ಬಾಗಿದ ಮೈಗೆ ರಂಧ್ರಗಳುಳ್ಳ ಲೋಹದ ಕವಚವನ್ನು ಸೂಚಿಸಿದನು. 1741ರಲ್ಲಿ ನಿಕೊಲಾಸ್ ಆಂಡ್ರಿ, ನೆಟ್ಟಗಿನ ಗೂಟಕ್ಕೆ ಕಟ್ಟಿದ ಸೊಟ್ಟ ಮರದ ಚಿತ್ರವನ್ನು ತನ್ನ ಗ್ರಂಥದಲ್ಲಿ ಅಚ್ಚು ಹಾಕಿಸಿದನು. ಮೂಳೆವೈದ್ಯದ ಲಾಂಛನವಾಗಿ ಅದು ಇಂದಿಗೂ ಉಳಿದಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕೈಗೆ ಮತ್ತೆ ಗೌರವ ಬಂತು. 1813ರಲ್ಲಿ ಪೆರ್ ಹೆನ್ರಿಕ್ ಲಿಂಗ್ ಸ್ಟಾಕ್‌ಹೋಮಿನಲ್ಲಿ ವ್ಯಾಯಾಮ ಸಂಸ್ಥೆಯನ್ನು ಆರಂಭಿಸಿದನು. ಇಂದು ಸ್ವೀಡಿಷ್ ಮಸಾಜ್ ಎನಿಸಿಕೊಂಡಿರುವ ನೀವುವುದು, ಹಿಸುಕುವುದು, ತಟ್ಟುವುದು ಮೊದಲಾದ ಕ್ರಮಗಳಿಗೆ ವ್ಯವಸ್ಥೆ ತಂದ ಕೀರ್ತಿ ಮಾತ್ರ ಆಮ್‌ಸ್ಟರ್‌ಡ್ಯಾಮಿನ ವೈದ್ಯ ಯೋಹಾನ್ ಮೆಟ್ಸ್‌ಗರನಿಗೆ ಸಲ್ಲಬೇಕೆಂದು ಚರಿತ್ರಕಾರರು ಹೇಳುತ್ತಾರೆ. 1894ರಲ್ಲಿ ಇಂಗ್ಲೆಂಡಿನ ಕೆಲವು ಮಹಿಳೆಯರು ತರಬೇತಿ ಪಡೆದ ಅಂಗಮರ್ದನಕಾರ್ತಿಯರ ಸಂಘ ಕಟ್ಟಿದರು. ಅಲ್ಲಿನ ಫಿಸಿಯೊಥೆರಪಿ ವೃತ್ತಿ ಬೆಳೆದದ್ದು ಆ ಸಂಘದಿಂದ. ನಮ್ಮಲ್ಲಿ ಪೋಲಿಯೊ ಹಾವಳಿಯ ಹಿನ್ನೆಲೆಯಲ್ಲಿ 1953ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಆ ವಿದ್ಯೆಯ ಶಾಲೆ ತೆರೆಯಿತು.

ಪುಣೆಗೂ ಈ ಚರಿತ್ರೆಯಲ್ಲಿ ಪಾಲಿದೆ. ಡಾ. ದಿನ್‌ಶಾ ಮೆಹ್ತಾ ಅವರ ನಿಸರ್ಗ ಚಿಕಿತ್ಸಾಲಯದಲ್ಲಿ ಗಾಂಧೀಜಿ ತಂಗಿದ್ದರು. ನಿತ್ಯದ ಮಾಲೀಸು ಅವರ ದಿನಚರಿಯ ಅಂಗವೇ ಆಗಿತ್ತು. ಆ ಸ್ಥಳ ಇಂದು ಬಾಪು ಭವನ, ರಾಷ್ಟ್ರೀಯ ಪ್ರಕೃತಿ ಚಿಕಿತ್ಸಾ ಸಂಸ್ಥೆಯ ನೆಲೆ. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಹುಟ್ಟಿ 1937ರಲ್ಲಿ ಪುಣೆಗೆ ಬಂದ ಬಿ.ಕೆ.ಎಸ್. ಅಯ್ಯಂಗಾರರು ಇಲ್ಲಿಯೇ ನೆಲೆಸಿ, ಹಗ್ಗ, ಪಟ್ಟಿ, ಮರದ ದಿಮ್ಮಿಗಳ ಆಸರೆಯಿಂದ ಬೆನ್ನನ್ನು ಹಿಗ್ಗಿಸುವ ಕ್ರಮಗಳನ್ನು ರೂಢಿಸಿದರು. 1975ರಲ್ಲಿ ತೆರೆದ ಅವರ ಸಂಸ್ಥೆಗೆ ಜಗತ್ತಿನ ನಾನಾ ಮೂಲೆಗಳಿಂದ ಜನ ಬಂದರು. ಪಿಂಪ್ರಿ, ಆಕುರ್ಡಿಗಳ ಕಾರ್ಖಾನೆಗಳನ್ನು ನಂಬಿ ನಿಗಡಿಯ ಆಸುಪಾಸಿನಲ್ಲಿ ನೆಲೆನಿಂತ ಕನ್ನಡಿಗರಿಗೆ ಹೀಗೆ ಊರಿನ ಎಣ್ಣೆಸ್ನಾನ, ಮರಾಠಿ ತಾಲೀಮುಗಳ ಮಾಲೀಸು, ಯೋಗ, ಆಸ್ಪತ್ರೆ ಎಲ್ಲವೂ ಕೈಯಳತೆಯಲ್ಲಿವೆ. ಯಾವುದರಿಂದ ಏನನ್ನು ಬೇಡಬೇಕೆಂಬ ವಿವೇಕ ಬೇಕಾಗುವುದು ಅದಕ್ಕಾಗಿಯೇ.

ಬಾಗು ಬೇರೆ, ನೋವು ಬೇರೆ. ಬಾಗನ್ನು ಅಳೆಯುವುದು ಎಕ್ಸ್‌ರೇ. ಅಮೆರಿಕದ ಜಾನ್ ಕಾಬ್ 1948ರಲ್ಲಿ ವಿವರಿಸಿದ ಕೋನವೇ ಇಂದಿನ ಮಾನ. ಹತ್ತು ಡಿಗ್ರಿ ಮೀರಿದರೆ ಸ್ಕೋಲಿಯೋಸಿಸ್. ಬೆಳೆಯುವ ಮಗುವಿನಲ್ಲಿ ಬಾಗು ಸುಮಾರು 25ರಿಂದ 40 ಡಿಗ್ರಿಗಳಷ್ಟಿದ್ದರೆ ಬ್ರೇಸ್ ತೊಡಿಸುವುದುಂಟು. ಅಮೆರಿಕ, ಕೆನಡಾಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬೆಳವಣಿಗೆ ಮುಗಿಯುವವರೆಗೆ ಬಾಗು 50 ಡಿಗ್ರಿ ಮುಟ್ಟದಂತೆ ಉಳಿದವರು ಬ್ರೇಸ್ ತೊಟ್ಟವರಲ್ಲಿ ಶೇ. 72, ಬರಿಯ ನಿಗಾದಲ್ಲಿದ್ದವರಲ್ಲಿ ಶೇ. 48. ಮಸಾಜಿನಿಂದ ಬಾಗು ಇಳಿಯುವುದೆಂಬುದಕ್ಕೆ ಇಂತಹ ಪುರಾವೆಯಿಲ್ಲ.

ನೋವಿನ ಮಾತು ಬೇರೆ. ಬಾಗಿದ ಬೆನ್ನಿನ ಒಂದು ಮಗ್ಗುಲಿನ ಸ್ನಾಯುಗಳು ಹಿಗ್ಗಿ ದಣಿದರೆ, ಇನ್ನೊಂದು ಮಗ್ಗುಲಿನವು ಕುಗ್ಗಿ ಬಿಗಿಯುತ್ತವೆ. ಪ್ರಾಯ ಕಳೆದವರಲ್ಲಿ ಈ ಬಿಗಿತವೂ ನೋವಿಗೆ ಒಂದು ಕಾರಣ. ನುರಿತ ಕೈ ಅದನ್ನು ಸಡಿಲಿಸಿ ಕೆಲಕಾಲ ನೆಮ್ಮದಿ ಕೊಡಬಲ್ಲುದು. ಆ ನೆಮ್ಮದಿಯಲ್ಲಿ ಮಾಡುವ ವ್ಯಾಯಾಮ ಹೆಚ್ಚು ಫಲ ಕೊಟ್ಟೀತು. ಆದರೆ ಮೂಳೆ ಸವೆದವರ, ಬೆನ್ನಿನಲ್ಲಿ ಲೋಹದ ಸರಳು ಕೂರಿಸಿಕೊಂಡವರ ಬೆನ್ನನ್ನು ವೈದ್ಯರ ಸಲಹೆಯಿಲ್ಲದೆ ಒತ್ತಬಾರದು. ಕಾಲು ಜೋಮು ಹಿಡಿದರೆ, ಶಕ್ತಿ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ಎಣ್ಣೆಯ ಬಟ್ಟಲನ್ನು ಬದಿಗಿಟ್ಟು ಆಸ್ಪತ್ರೆಗೆ ಹೊರಡಬೇಕು.

ಏಣಿಗೆ ಕಟ್ಟಿ ಕುಕ್ಕಿದವರೂ ಕಬ್ಬಿಣ ತೊಡಿಸಿದವರೂ ಬಾಗನ್ನು ಮಾತ್ರ ಕಂಡರು. ಅದನ್ನು ಹೊತ್ತ ಮನುಷ್ಯನ ನೋವು ಹಿಂದೆ ಸರಿಯಿತು. ಎಣ್ಣೆಯೊಂದೇ ಸಾಕೆಂದು ಕುಳಿತವರ ತಪ್ಪು ಇದಕ್ಕೆ ವಿರುದ್ಧವಾದುದು: ನೋವು ಶಮನವಾಯಿತೆಂದು ನಂಬಿ ಅವರು ಬಾಗನ್ನು ಮರೆಯುತ್ತಾರೆ. ಹನ್ನೆರಡರ ಹುಡುಗಿಯ ಮಟ್ಟಿಗೆ ಈ ಎರಡನೆಯ ತಪ್ಪಿನ ಬೆಲೆ ದೊಡ್ಡದು, ಏಕೆಂದರೆ ಬೆಳವಣಿಗೆಯ ಎರಡು ವರ್ಷ ಕಳೆದರೆ ಬ್ರೇಸಿನ ಕಾಲವೂ ಕಳೆದಂತೆಯೇ. ತಾಯಿಯ ಕೈ ಹೆಗಲಿನ ಏರುಪೇರನ್ನು ಕಂಡ ವಾರವೇ ಎಕ್ಸ್‌ರೇ ಆಗಲಿ. ಎಣ್ಣೆ ಹಚ್ಚುವುದನ್ನು ಆಮೇಲೂ ನಿಲ್ಲಿಸಬೇಕಾಗಿಲ್ಲ.