ಕಿರುಸಾಲ ವಸೂಲಾತಿ: ಸಾಲಗಾರರ ಹಕ್ಕುಗಳು ಮತ್ತು ದೂರು ಸಲ್ಲಿಸುವ ವಿಧಾನ

ಪಡೆದ ಸಾಲವನ್ನು ಮರುಪಾವತಿಸುವುದು ಸಾಲಗಾರನ ಹೊಣೆಯಾಗಿರುತ್ತದೆ. ಆದರೆ ಕಂತು ಕಟ್ಟಲಾಗದಿರುವುದು ತನ್ನಷ್ಟಕ್ಕೆ ಅಪರಾಧವಲ್ಲ. ಅದು ಸಿವಿಲ್ ಸ್ವರೂಪದ ಬಾಕಿ. 2025ರ ಆರಂಭದಲ್ಲಿ ವಸೂಲಿಗಾರರ ಕಿರುಕುಳಕ್ಕೆ ಅಂಜಿ ರಾಜ್ಯದ ಹಲವು ಗ್ರಾಮಗಳಲ್ಲಿ ಕುಟುಂಬಗಳು ಮನೆ ತೊರೆದ ವರದಿಗಳು ಬಂದವು. ಆದ್ದರಿಂದ ಸಾರ್ವಜನಿಕರು ಈ ಕೆಳಕಂಡ ಅಂಶಗಳನ್ನು ಅರಿತಿರುವುದು ಅವಶ್ಯ.

ಕಿರುಸಾಲ ಎಂದರೇನು?
ವಾರ್ಷಿಕ ಆದಾಯ 3 ಲಕ್ಷ ರೂ. ಮೀರದ ಕುಟುಂಬಕ್ಕೆ ಯಾವುದೇ ಅಡಮಾನವಿಲ್ಲದೆ ನೀಡುವ ಸಾಲ.

ವಸೂಲಿ ಪ್ರತಿನಿಧಿಗಳು ಪಾಲಿಸಬೇಕಾದ ನಿಯಮಗಳು
ರಿಸರ್ವ್ ಬ್ಯಾಂಕ್ 2022ರಲ್ಲಿ ಹೊರಡಿಸಿದ ನಿರ್ದೇಶನಗಳ ಮೇರೆಗೆ:
1. ಕಿರುಸಾಲದ ಬಗ್ಗೆ ಬೆಳಿಗ್ಗೆ 9 ಗಂಟೆಗೆ ಮುಂಚೆ ಹಾಗೂ ಸಂಜೆ 6 ಗಂಟೆಯ ನಂತರ ಸಾಲಗಾರರಿಗೆ ಕರೆ ಮಾಡತಕ್ಕದ್ದಲ್ಲ.
2. ಉಭಯತರೂ ಒಪ್ಪಿದ ಸ್ಥಳದಲ್ಲಿಯೇ ವಸೂಲಿ ನಡೆಯತಕ್ಕದ್ದು. ಸಾಲಗಾರ ಸತತ ಎರಡು ಅಥವಾ ಹೆಚ್ಚು ಬಾರಿ ಅಲ್ಲಿಗೆ ಬಾರದಿದ್ದಲ್ಲಿ ಮಾತ್ರ ಮನೆಗೆ ಅಥವಾ ಕೆಲಸದ ಸ್ಥಳಕ್ಕೆ ತೆರಳಬಹುದು.
3. ಬೆದರಿಕೆ, ನಿಂದನೆ, ಹಿಂಸೆ, ಬಂಧುಮಿತ್ರರಿಗೆ ಕಿರುಕುಳ ಹಾಗೂ ಸಾಲಗಾರರ ಹೆಸರನ್ನು ಬಹಿರಂಗಪಡಿಸುವುದು ನಿಷಿದ್ಧ.
4. ಪ್ರತಿನಿಧಿಯು ಗುರುತಿನ ಚೀಟಿ ಹಾಗೂ ಅಧಿಕಾರ ಪತ್ರ ಹೊಂದಿರತಕ್ಕದ್ದು. ಇವುಗಳನ್ನು ತೋರಿಸುವಂತೆ ಕೇಳಬಹುದು.

ಜಪ್ತಿ
ಕಿರುಸಾಲದ ಬಾಕಿಗಾಗಿ ಪ್ರತಿನಿಧಿಯು ತಾನಾಗಿಯೇ ಮನೆಗೆ ಬೀಗ ಹಾಕುವಂತಿಲ್ಲ, ಸಾಮಾನು ಒಯ್ಯುವಂತಿಲ್ಲ. ನ್ಯಾಯಾಲಯದ ಡಿಕ್ರಿ ಇದ್ದಾಗಲೂ ಅವಶ್ಯಕ ಉಡುಪು, ಅಡುಗೆ ಪಾತ್ರೆ, ಹಾಸಿಗೆ ಮತ್ತು ಕುಶಲಕರ್ಮಿಯ ಉಪಕರಣಗಳಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆ, 1908ರ 60ನೇ ಪ್ರಕರಣದಡಿ ಜಪ್ತಿಯಿಂದ ರಕ್ಷಣೆ ಇದೆ.

ರಾಜ್ಯದ ಕಾನೂನು
ಕರ್ನಾಟಕ ಕಿರುಸಾಲ ಮತ್ತು ಸಣ್ಣ ಸಾಲ (ಬಲವಂತದ ಕ್ರಮಗಳ ಪ್ರತಿಬಂಧಕ) ಕಾನೂನು 2025ರಲ್ಲಿ ಜಾರಿಗೆ ಬಂದಿದೆ. ಇದರ ವ್ಯಾಪ್ತಿಗೊಳಪಡುವ ಸಾಲದಾತರು ಜಿಲ್ಲಾಧಿಕಾರಿಗಳ ಬಳಿ ನೋಂದಾಯಿಸಿಕೊಳ್ಳಬೇಕು. ಬಲವಂತದ ವಸೂಲಿಗೆ 10 ವರ್ಷಗಳವರೆಗೆ ಕಾರಾವಾಸ ಮತ್ತು 5 ಲಕ್ಷ ರೂ.ವರೆಗೆ ದಂಡ ವಿಧಿಸಬಹುದು. ಈ ಬಗ್ಗೆ ದೂರು ದಾಖಲಿಸಲು ಪೊಲೀಸರು ನಿರಾಕರಿಸುವಂತಿಲ್ಲ.

ದೂರು ಸಲ್ಲಿಸುವ ವಿಧಾನ
1. ಮೊದಲು ಸಾಲ ನೀಡಿದ ಸಂಸ್ಥೆಗೆ ಲಿಖಿತ ದೂರು ನೀಡಿ, ಸ್ವೀಕೃತಿ ಪಡೆಯುವುದು.
2. ಸಂಸ್ಥೆಯು ರಿಸರ್ವ್ ಬ್ಯಾಂಕಿನ ಓಂಬಡ್ಸ್‌ಮನ್ ವ್ಯಾಪ್ತಿಗೆ ಒಳಪಟ್ಟಿದ್ದು, 30 ದಿನಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನಕರವಾಗಿರದಿದ್ದರೆ ಓಂಬಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. ಇದಕ್ಕೆ ಶುಲ್ಕವಿಲ್ಲ. ಮಾಹಿತಿಗೆ ದೂರವಾಣಿ 14448.
3. ಬೆದರಿಕೆ ಅಥವಾ ಹಲ್ಲೆಯ ಸಂದರ್ಭದಲ್ಲಿ ಯಾವ ಉತ್ತರಕ್ಕೂ ಕಾಯದೆ ಕೂಡಲೇ 112ಕ್ಕೆ ಕರೆ ಮಾಡುವುದು.

ದೂರಿನೊಂದಿಗೆ ಲಗತ್ತಿಸಬೇಕಾದವು: ಸಾಲದ ಕಾರ್ಡಿನ ಪ್ರತಿ, ಕಂತು ಪಾವತಿಯ ರಸೀದಿಗಳು, ಕರೆ ಬಂದ ದಿನಾಂಕ ಮತ್ತು ವೇಳೆಯ ವಿವರ, ಬಂದ ಸಂದೇಶಗಳ ಪ್ರತಿ.

ಸೂಚನೆ: ದೂರು ಸಲ್ಲಿಸಿದ ಮಾತ್ರಕ್ಕೆ ಸಾಲ ಮನ್ನಾ ಆಗುವುದಿಲ್ಲ. ಕಂತು ಕಟ್ಟಲು ತೊಂದರೆಯಿದ್ದಲ್ಲಿ ಮರುಪಾವತಿ ಅವಧಿಯ ಮರುಹೊಂದಾಣಿಕೆ ಕೋರಿ ಸಂಸ್ಥೆಗೆ ಲಿಖಿತವಾಗಿ ಮನವಿ ಸಲ್ಲಿಸುವುದು ಸೂಕ್ತ.