ಕಿಟ್ಟದ ಕಥೆ: ಗಾಂಧಿ ಬಜಾರ್‌ನಿಂದ ಲಕ್ಯಾ ಅಣೆಕಟ್ಟಿನವರೆಗೆ

1/6
ಗಾಂಧಿ ಬಜಾರ್‌ನಲ್ಲಿ ನಡೆಯುವಾಗ ಒಮ್ಮೆ ತಲೆ ಎತ್ತಿ ನೋಡಿ. ಅಂಗಡಿ ಬೋರ್ಡ್ ಎಲ್ಲರೂ ಓದ್ತೀವಿ, ಅದರ ಮೇಲಿನ ಕಾಂಕ್ರೀಟ್ ಯಾವುದರಿಂದ ಆಗಿದೆ ಅಂತ ಕೇಳೋರು ಕಡಿಮೆ. ಸಿಮೆಂಟ್, ಜಲ್ಲಿ, ನೀರು, ಮರಳು, ಅಷ್ಟೇ. ನಮ್ಮೂರಲ್ಲಿ ಬಹಳ ಕಾಲ ಮರಳು ಅಂದ್ರೆ ಹೊಳೆಯ ಮರಳು. ಅದರ ಜಾಗಕ್ಕೆ ಗಣಿಯ, ಕುಲುಮೆಯ ಕಸ ಹಾಕಬಹುದಾ? ಉತ್ತರ ಹುಡುಕೋಕೆ ಮೊದಲು ಭದ್ರಾವತಿಗೆ ಹೋಗೋಣ ಬನ್ನಿ.

2/6
1923ರ ಜನವರಿ. ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯಲ್ಲಿ ಉತ್ಪಾದನೆ ಶುರು. ಅದಿರು ಕೆಮ್ಮಣ್ಣುಗುಂಡಿಯದು, ಇದ್ದಿಲು ಮಲೆನಾಡಿನ ಕಾಡಿನದು. ಅದರ ಮೊದಲ ಹೆಸರಿನಲ್ಲಿ 'ವುಡ್ ಡಿಸ್ಟಿಲೇಷನ್' ಅಂತಲೂ ಇತ್ತು, ಗೊತ್ತಾ? ಕಟ್ಟಿಗೆ ಇದ್ದಿಲಾಗುವಾಗ ಏಳುವ ಹೊಗೆಯನ್ನೂ ಬಿಡದೆ ಅದರಿಂದ ಟಾರು, ಮರದ ಸ್ಪಿರಿಟ್ ತೆಗೀತಿದ್ರು. ಮುಂದೆ ಅದೇ ಕಾರ್ಖಾನೆ ಸಿಮೆಂಟನ್ನೂ ತಯಾರಿಸಿತು. ಹೊಗೆಯನ್ನೂ ಮಾರಾಟದ ಸಾಮಾನು ಮಾಡಿದ ಊರು ನಮ್ಮದು.

3/6
ಕುಲುಮೆಗೆ ಅದಿರಿನ ಜತೆ ಸುಣ್ಣಕಲ್ಲು ಹಾಕ್ತಾರೆ. ಅದು ಅದಿರಿನ ಕಲ್ಲು-ಮಣ್ಣಿನ ಅಂಶದ ಜತೆ ಕರಗಿ, ಕಬ್ಬಿಣದ ಮೇಲೆ ತೇಲುತ್ತೆ. ಅದೇ ಕಿಟ್ಟ, ಈಗಿನವರ ಬಾಯಲ್ಲಿ ಸ್ಲ್ಯಾಗ್. ನಿಧಾನಕ್ಕೆ ಆರಿದರೆ ಕಲ್ಲಾಗುತ್ತೆ. ಬಿಸಿಯಿದ್ದಾಗಲೇ ನೀರು ಹೊಡೆದರೆ ಗಾಜಿನಂಥ ಹರಳಾಗುತ್ತೆ. ಆ ಹರಳಿಗೆ ಸುಣ್ಣ ಸೇರಿಸಿದರೆ ಸಿಮೆಂಟಿನ ಹಾಗೆ ಗಟ್ಟಿಯಾಗುತ್ತೆ ಅಂತ 1862ರಲ್ಲಿ ಜರ್ಮನಿಯ ಎಮಿಲ್ ಲಾಂಗೆನ್ ಕಂಡುಕೊಂಡ. ನಮ್ಮ ದೇಶದಲ್ಲಿ ಸ್ಲ್ಯಾಗ್ ಸಿಮೆಂಟಿಗೆ ಐಎಸ್ 455 ಅನ್ನೋ ಮಾನದಂಡ ಬಂದಿದ್ದು 1953ರಲ್ಲಿ. ಇವತ್ತು ತೋರಣಗಲ್ಲಿನ ಉಕ್ಕು ಕಾರ್ಖಾನೆಯ ಕಿಟ್ಟ ಸಿಮೆಂಟಿಗೂ ಹೋಗುತ್ತೆ, ಮರಳಿನ ಬದಲಿಗೂ ಹೋಗುತ್ತೆ.

4/6
ಕುಲುಮೆಯ ಕಸಕ್ಕೇನೋ ದಾರಿ ಸಿಕ್ಕಿತು. ಗಣಿಯ ಕಸ? ಈಗ ಭದ್ರೆಯ ಮೇಲ್ದಂಡೆಗೆ, ಕುದುರೆಮುಖಕ್ಕೆ ಹೋಗೋಣ. ಅಲ್ಲಿನ ಅದಿರಿನಲ್ಲಿ ಕಬ್ಬಿಣದ ಅಂಶ ಕಡಿಮೆ. ಹಾಗಾಗಿ ಹಿಟ್ಟಿನಂತೆ ಅರೆದು, ಕಬ್ಬಿಣ ಬೇರ್ಪಡಿಸಿ, ಕೆಸರಿನ ರೂಪದಲ್ಲಿ ಕೊಳವೆಯಲ್ಲಿ ಮಂಗಳೂರಿಗೆ ಕಳಿಸ್ತಿದ್ರು. ಉಳಿದ ಪುಡಿ ಲಕ್ಯಾ ಅಣೆಕಟ್ಟಿನ ಹಿಂದೆ. ಮಳೆಗಾಲದಲ್ಲಿ ಗಣಿಯ ಹೂಳು ಭದ್ರೆಗೆ ಇಳೀತಿದೆ ಅನ್ನೋದು ಹೋರಾಟದ ಮುಖ್ಯ ದೂರು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಪುಡಿ ಮಾತ್ರ ಅಲ್ಲೇ ಉಳೀತು, ಕೋಟಿಗಟ್ಟಲೆ ಟನ್.

5/6
ಅದನ್ನು ಬಳಸೋಕೆ ಆಗಲ್ವಾ? ಪ್ರಯತ್ನ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಕಬ್ಬಿಣದ ಗಣಿಪುಡಿಯಿಂದ ಇಟ್ಟಿಗೆ ಮಾಡಿ ಪರೀಕ್ಷಿಸಿದ್ದಾರೆ. ಕೆಜಿಎಫ್‌ನ ಚಿನ್ನದ ಗಣಿಯ ಪುಡಿಯಿಂದಲೂ ಇಟ್ಟಿಗೆ ಮಾಡಿ ನೋಡಿದ್ದಾರೆ. ಆದರೆ ಒಂದು ಮಾತು ನೆನಪಿಡಿ. ಪುಡಿ ತೀರಾ ನುಣುಪಾದರೆ ಕಾಂಕ್ರೀಟ್ ಹೆಚ್ಚು ನೀರು ಕುಡಿಯುತ್ತೆ, ನೀರು ಹೆಚ್ಚಾದರೆ ಬಲ ಕುಗ್ಗುತ್ತೆ. ಚೆನ್ನಾಗಿ ಪರಿಚಯವಿರುವ ಕಬ್ಬಿಣದ ಕಿಟ್ಟಕ್ಕೇ ಐಎಸ್ 383ರ 2016ರ ಆವೃತ್ತಿ ಮಿತಿ ಹಾಕಿದೆ: ಸರಳು ಹಾಕಿದ ಕಾಂಕ್ರೀಟಿನಲ್ಲಿ ಮರಳಿನ ಶೇ. 25ರವರೆಗೆ, ಸರಳಿಲ್ಲದ್ದರಲ್ಲಿ ಶೇ. 50ರವರೆಗೆ. ಲಾರಿ ತುಂಬಿಸಿ ತಂದು ಸುರಿಯೋ ವಿಷಯ ಅಲ್ಲ ಇದು.

6/6
2023ರ ಜನವರಿ. ಕುಲುಮೆ ಹೊತ್ತಿ ಸರಿಯಾಗಿ ನೂರು ವರ್ಷ. ಅದೇ ತಿಂಗಳು ಭದ್ರಾವತಿ ಕಾರ್ಖಾನೆ ಮುಚ್ಚುವ ತೀರ್ಮಾನ ಹೊರಬಿತ್ತು, ಕಾರ್ಮಿಕರು ಬೀದಿಗಿಳಿದರು. ಕಬ್ಬಿಣ ಮಾಡೋದು ಹೇಗೆ ಅನ್ನೋದರ ಜತೆ, ಉಳಿದದ್ದನ್ನು ಏನು ಮಾಡಬೇಕು ಅನ್ನೋದನ್ನೂ ಬಲ್ಲ ಕೈಗಳವು.

ತುಂಗೆ, ಭದ್ರೆ ಎರಡೂ ಹುಟ್ಟೋದು ಗಂಗಾಮೂಲದಲ್ಲಿ, ಸೇರೋದು ನಮ್ಮ ಕೂಡ್ಲಿಯಲ್ಲಿ. ನಾವು ಕೆಳಗೆ ಹೊಳೆಯಿಂದ ಮರಳು ಬಗೆದ್ವಿ, ಮೇಲೆ ಹೊಳೆಯ ತಲೆಯ ಹತ್ತಿರ ಪುಡಿ ಪೇರಿಸಿದ್ವಿ. ಎರಡೂ ಲೆಕ್ಕ ಒಂದೇ ಪುಸ್ತಕದಲ್ಲಿ ಬರೆಯೋ ಕಾಲ ಬಂದಿದೆ, ಅಲ್ವಾ?

ನಿಮ್ಮ ಮನೇಲಿ ಭದ್ರಾವತಿ ಕಾರ್ಖಾನೆಯಲ್ಲಿ ದುಡಿದವರು ಇದ್ದಾರಾ? ಕಿಟ್ಟ ಎಲ್ಲಿಗೆ ಹೋಗ್ತಿತ್ತು ಅಂತ ಕೇಳಿ, ಕಾಮೆಂಟ್‌ನಲ್ಲಿ ಬರೀರಿ.

#ಶಿವಮೊಗ್ಗ #ಭದ್ರಾವತಿ #ಗಾಂಧಿಬಜಾರ್ #ಊರಕಥೆ